ಪಾಂಗ್ಟಿಯವರ ಋಣ

ಶಾಸನದ ಪುಸ್ತಕದಲ್ಲಿ ಬರೆದುದೆಲ್ಲ ಕಾಡಿನಲ್ಲಿ ತಾನಾಗಿಯೇ ನಡೆಯುವಂತಿದ್ದರೆ, 2012ರ ಅಕ್ಟೋಬರಿನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ದಡದಲ್ಲಿ ಆ ಪಕ್ಷಿಸಂಹಾರವು ನಡೆಯುತ್ತಿರಲಿಲ್ಲ. ವನ್ಯಜೀವಿ ಸಂರಕ್ಷಣೆಯ ಕಾಯಿದೆಯು 1972ರಲ್ಲಿಯೇ ಹುಟ್ಟಿದ್ದಿತು. ಆದರೂ ಮೀನಿನ ಬಲೆಗಳನ್ನು ಮರಗಳ ನಡುವೆ ಬಿಗಿದು, ದಿನವೊಂದಕ್ಕೆ 12,000ಕ್ಕೂ ಮಿಕ್ಕು ಅಮೂರ್ ಚಾಣಗಳನ್ನು ಹಿಡಿಯುತ್ತಿದ್ದರೆಂದು ಕಣ್ಣಾರೆ ಕಂಡವರು ಅಂದಾಜು ಮಾಡಿದರು.

ಗಿಡುಗವೆಂದರೆ ಕೋಳಿಮರಿಯ ಕಳ್ಳನೆಂದೇ ನಮ್ಮ ಜನರ ಎಣಿಕೆ. ಪಾರಿವಾಳಕ್ಕಿಂತಲೂ ಹಗುರವಾದ ಈ ಚಾಣವಾದರೋ ಬಹುಮಟ್ಟಿಗೆ ಹುಳು ಹುಪ್ಪಟೆಗಳನ್ನು ತಿಂದು ಬದುಕುವುದು. ಸೈಬೀರಿಯದ ಆಗ್ನೇಯದಲ್ಲಿಯೂ ಉತ್ತರ ಚೀನದಲ್ಲಿಯೂ ಮರಿಮಾಡಿ, ನಾಗಾ ಬೆಟ್ಟಗಳಲ್ಲಿ ಕೆಲವು ವಾರ ತಂಗಿ, ಗೆದ್ದಲುಗಳಿಂದ ಮೈಗೂಡಿ, ನಮ್ಮ ದೇಶವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕದ ದಕ್ಷಿಣ ಭಾಗವನ್ನು ಸೇರುವುದು.

ಹಿಡಿದವರನ್ನು ಕಟುಕರೆಂದು ಬೈಯುವುದು ಸುಲಭ. ದೊಯಾಂಗ್ ಅಣೆಕಟ್ಟು ಪಾಂಗ್ಟಿ ಗ್ರಾಮದವರ ಹೊಲಗಳನ್ನು ನೀರಿನಲ್ಲಿ ಮುಳುಗಿಸಿದ ಮೇಲೆ ಅವರು ಬೆಸ್ತರಾದರು. ಬಲೆ ಕೈಗೆ ಬಂದುದು ಹೀಗೆ. ಅಂತಹವರೇ ಮರುವರ್ಷ ಬಲೆಗಳನ್ನು ಮಡಿಸಿಟ್ಟರು. ಗ್ರಾಮಸಭೆಗಳು ನಿಷೇಧ ವಿಧಿಸಿದುವು, ಚರ್ಚುಗಳಲ್ಲಿ ಉಪದೇಶವಾಯಿತು, ಮಕ್ಕಳಿಗೆ ಪಾಠವಾಯಿತು. 2013ರ ನವೆಂಬರಿನಲ್ಲಿ, ಕೊಲೆ ನಿಂತ ಮೇಲೆ, ಭಾರತೀಯ ವನ್ಯಜೀವಿ ಸಂಸ್ಥೆಯವರು ಹಂಗೇರಿಯ ತಜ್ಞರೊಡಗೂಡಿ ಮೂರು ಹಕ್ಕಿಗಳ ಬೆನ್ನಿಗೆ 5 ಗ್ರಾಂ ತೂಕದ ಪ್ರೇಷಕಗಳನ್ನು ಕಟ್ಟಿ, ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟರು. ಹಳ್ಳಿಯ ಹೆಸರನ್ನು ಹೊತ್ತ ಹಕ್ಕಿಯು ಕಡಲು ದಾಟುವುದನ್ನು ಲೋಕವೇ ನೋಡಿತು. ಬಂಧುವಾದುದನ್ನು ಕೊಲ್ಲುವುದು ಕಷ್ಟ. ಹೆಸರಿಡುವ ಉಪಾಯವನ್ನು ಕಂಡ ಪಂಡಿತರನ್ನು ನಾವು ಮೆಚ್ಚುತ್ತೇವೆ.

ಆದರೆ ಹೆಸರೊಂದೇ ಸಾಲದು. 2024ರ ನವೆಂಬರಿನಲ್ಲಿ ಮಣಿಪುರದ ತಮೆಂಗ್ಲಾಂಗ್ ಜಿಲ್ಲೆಯಲ್ಲಿ ಪ್ರೇಷಕ ಕಟ್ಟಿದ ‘ಗುವಾಂಗ್ರಾಮ್’ ಎಂಬ ಚಾಣವು ಕೆಲವೇ ದಿನಗಳಲ್ಲಿ ಗುಂಡಿಗೆ ಬಲಿಯಾಯಿತು. ಆಕಾಶದಿಂದ ಹಕ್ಕಿಯನ್ನು ಹಿಂಬಾಲಿಸುವ ಯಂತ್ರವು ಕೆಳಗೆ ಕೋವಿ ಹಿಡಿದವನ ಮನಸ್ಸನ್ನು ತಿದ್ದಲಾರದು. ತಿದ್ದಬೇಕಾದವರು ಊರಿನ ಹಿರಿಯರು, ಉಪಾಧ್ಯಾಯರು, ಪಾದ್ರಿಗಳು. ಅದೂ ಒಂದು ವರ್ಷವಲ್ಲ, ಹಕ್ಕಿ ಬರುವ ಪ್ರತಿವರ್ಷವೂ.

ಬಲೆಯನ್ನು ಮಡಿಸಿಟ್ಟ ಬೆಸ್ತನ ಮನೆಯ ಖರ್ಚಿನ ಮಾತೋ? ಹೊಲ ಮುಳುಗಿದ್ದು ನಾಡಿನ ವಿದ್ಯುತ್ತಿಗಾಗಿ, ಬಲೆ ಮಡಿಸಿದ್ದು ನಾಡಿನ ಕೀರ್ತಿಗಾಗಿ. ಸರಕಾರದವರು ಮುಂದಿನ ಪ್ರೇಷಕಕ್ಕೆ ಹಣ ಮಂಜೂರು ಮಾಡುವಾಗ, ಅದೇ ಕಾಗದದಲ್ಲಿ ಈ ಹಳ್ಳಿಗಳ ಜೀವನೋಪಾಯಕ್ಕೂ ಒಂದು ಮೊತ್ತವನ್ನು ಬರೆಯಲಿ.