ವೆಲೆಬಿತ್ ಪರ್ವತದ ಮಣ್ಣು

ಏಡ್ರಿಯಾಟಿಕ್ ಸಮುದ್ರದ ಮೂಡಣ ದಂಡೆಯಲ್ಲಿ ಸುಮಾರು 145 ಕಿಲೋಮೀಟರುಗಳುದ್ದಕ್ಕೂ ಗೋಡೆಯಂತೆ ನಿಂತಿರುವ ವೆಲೆಬಿತ್ ಪರ್ವತಶ್ರೇಣಿಯನ್ನು ಕ್ರೊಯೇಷಿಯದ ಜನರು ತಮ್ಮ ರಾಷ್ಟ್ರಜೀವನದ ಕುರುಹೆಂದು ಭಾವಿಸಿ ಹಾಡುತ್ತ ಬಂದಿದ್ದಾರೆ. ಹಾಡಿನ ಪರ್ವತ ಬೇರೆ, ಹಡಗಿನಿಂದ ಕಾಣುವ ಪರ್ವತ ಬೇರೆ. ಒಳನಾಡಿನ ಲೀಕಾ ಪ್ರಾಂತದ ಕಡೆಯ ಇಳಿಜಾರು ಬೀಚ್ ವೃಕ್ಷಗಳ ದಟ್ಟಡವಿ. ಕಡಲಿನ ಕಡೆಯದು ಬಹುಮಟ್ಟಿಗೆ ಬಿಳಿಯ ಬೋಳುಗಲ್ಲು.

1757 ಮೀಟರುಗಳವರೆಗೆ ಏರುವ ಈ ಶಿಖರಗಳಿಗೆ ಮಳೆ ಹಿಮಗಳ ಕೊರತೆಯಿಲ್ಲ. ಆದರೂ ನಮ್ಮ ಶರಾವತಿಯಂತಹ ಹೊಳೆಯೊಂದೂ ಆ ಕಡಲಿಳಿಜಾರಿನಲ್ಲಿ ಹರಿಯದು. ಕಾರಣ, ಶಿಲೆಯೆಲ್ಲ ಸುಣ್ಣಕಲ್ಲು. ಅಂಗಾರಾಮ್ಲವಾಯುವನ್ನು ಹೀರಿದ ಮಳೆನೀರು ಕಲ್ಲನ್ನು ಕರಗಿಸಿ, ಬಿರುಕುಗಳ ಹಾದಿಯಿಂದ ಪಾತಾಳಕ್ಕಿಳಿಯುತ್ತದೆ. 1992ರಲ್ಲಿ ಪತ್ತೆಯಾದ ಲೂಕಿನಾ ಗವಿಯ ಆಳ 1431 ಮೀಟರು! ಇಳಿದ ನೀರು ಎಷ್ಟೋ ಕಡೆ ಸಮುದ್ರದ ಅಡಿಯಲ್ಲಿಯೇ ಬುಗ್ಗೆಯಾಗಿ ಹೊಮ್ಮಿ ಉಪ್ಪಿನ ಪಾಲಾಗುತ್ತದೆ. ಸುಣ್ಣಕಲ್ಲು ಕರಗಿದ ಮೇಲೆ ಉಳಿಯುವ ಮಣ್ಣಾದರೋ ಅತ್ಯಲ್ಪ. ಗೇಣುದ್ದ ಮಣ್ಣು ಕೂಡಲು ಸಹಸ್ರಾರು ವರ್ಷಗಳು ಬೇಕು. ಮರ ಕಡಿದೊಡನೆ ಮಳೆ ಅದನ್ನು ಕೊಚ್ಚುತ್ತದೆ. ಮಿಕ್ಕುದಕ್ಕೆ ‘ಬೂರಾ’ ಉಂಟು: ಒಳನಾಡಿನಿಂದ ಕಣಿವೆಗಳ ಮೂಲಕ ಧುಮುಕುವ ಈ ಶೀತಮಾರುತದ ಹೊಡೆತ ಗಂಟೆಗೆ 200 ಕಿಲೋಮೀಟರುಗಳನ್ನು ಮೀರಿದ್ದುಂಟು.

ಈ ಬೋಳುತನಕ್ಕೆ ಹೊಣೆ ಯಾರು? ಹಡಗುಗಳಿಗಾಗಿ ಮರ ಕಡಿದ ವೆನಿಸ್ಸಿನವರೆಂದು ಜನರ ಮಾತು. ಪರಕೀಯರ ಕೊಡಲಿಯನ್ನು ಸಮರ್ಥಿಸುವವರು ನಾವಲ್ಲ. ಆದರೆ ತಲೆತಲಾಂತರಗಳಿಂದ ಚಿಗುರು ಮೇದ ಆಡುಗಳೂ ಸೌದೆಗಾಗಿ ಪೊದೆ ಸವರಿದ ಕೈಗಳೂ ಆ ನೆಲದವೇ ಅಲ್ಲವೆ? ಇನ್ನೂ ಕಹಿಯಾದ ಸಂಗತಿಯೆಂದರೆ, 1878ರಲ್ಲಿ ಸೆನ್ಯ ಪಟ್ಟಣದಲ್ಲಿ ಈ ಕಲ್ಲುನೆಲಕ್ಕೆ ಕಾಡು ತರಲೆಂದೇ ಕಛೇರಿ ತೆರೆದದ್ದು ಪರರಾದ ಹ್ಯಾಬ್ಸ್‌ಬರ್ಗ್ ಪ್ರಭುತ್ವ! ಕಲ್ಲುಗೋಡೆಗಳ ಮರೆಯಲ್ಲಿ ಅಂದು ಆರಂಭವಾದ ಕಪ್ಪು ಪೈನ್ ನೆಡುವಿಕೆ ತಲೆಮಾರುಗಳ ಕೆಲಸವಾಯಿತು.

ರಕ್ಷಣೆಯ ಬಿರುದುಗಳು ಪರ್ವತಕ್ಕೆ ಈಗ ಬೇಕಾದಷ್ಟಿವೆ: 1949ರ ಪಕ್ಲೆನಿತ್ಸಾ ರಾಷ್ಟ್ರೀಯ ಉದ್ಯಾನ, 1978ರ ಯುನೆಸ್ಕೋ ಮಾನ್ಯತೆ, 1981ರ ನಿಸರ್ಗೋದ್ಯಾನ. ಕುರುಬರು ಹಳ್ಳಿ ಬಿಟ್ಟು ಹೋದುದರಿಂದ ಹಳೆಯ ಗೋಮಾಳಗಳಲ್ಲಿ ಪೊದೆಯೂ ತಾನಾಗಿ ಎದ್ದಿದೆ. ಆದರೆ ಪೈನ್ ಮರ, ಒಣಗಿದ ಪೊದೆ, ಬೂರಾ, ಈ ಮೂರೂ ಸೇರಿದಲ್ಲಿ ಒಂದು ಕಿಡಿ ಸಾಕು. ಮರ ಸುಟ್ಟರೆ ಮರಳಿ ನೆಡಬಹುದು, ಮಣ್ಣು ಹೋದರೆ ಎಲ್ಲಿ ನೆಡುವುದು? ಬೇಸಗೆಯ ಪ್ರವಾಸಿಗಳಿಂದ ಬರುವ ಹಣದಲ್ಲಿ ಮೊದಲ ಪಾಲನ್ನು ಬೆಂಕಿಯ ಕಾವಲಿಗೂ ಆ ಹಳೆಯ ಕಲ್ಲುಗೋಡೆಗಳ ದುರಸ್ತಿಗೂ ತೆಗೆದಿರಿಸಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.