ಹಳೆಯ ನಕಾಶೆಯ ಸಾಕ್ಷ್ಯ

2022ನೆಯ ಇಸವಿ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗವು ಜಲಾವೃತವಾಗಿ, ಬೆಳ್ಳಂದೂರಿನ ಕಡೆಯ ಉದ್ಯೋಗಸ್ಥರು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋಗಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು. ಮಳೆಯು ವಿಪರೀತವಾಗಿದ್ದುದು ನಿಜವೇ. ಆದರೆ ಬಿದ್ದ ನೀರು ಎಲ್ಲಿ ನಿಲ್ಲುವುದೆಂಬುದು ಗುಟ್ಟಿನ ಮಾತಾಗಿರಲಿಲ್ಲ. ಭಾರತ ಸರ್ವೇ ಇಲಾಖೆಯವರು ಮೈಲಿಗೊಂದು ಅಂಗುಲದಂತೆ ಬರೆಯಿಸಿದ ಹಳೆಯ ನಕಾಶೆಗಳಲ್ಲಿ 57 ಎಚ್/9 ಎಂಬ ಹಾಳೆಯನ್ನು ಬಿಚ್ಚಿ ನೋಡಿದವರಿಗೆ ಅದು ತಾನಾಗಿ ತಿಳಿಯುವುದು.

ನಕಾಶೆಯನ್ನು ಓದುವುದು ಕಷ್ಟದ ವಿದ್ಯೆಯಲ್ಲ. ಕಂದುಬಣ್ಣದ ಗೆರೆಗಳು ನೆಲದ ಎತ್ತರವನ್ನು ತೋರಿಸುತ್ತವೆ. ಅವು ಎತ್ತರದ ಕಡೆಗೆ ಮೊನೆಮಾಡಿ ಬಾಗಿದ ಸ್ಥಳವೇ ಕಣಿವೆ. ಕಣಿವೆಗೆ ಅಡ್ಡಲಾಗಿ ಏರಿ, ಅದರ ಹಿಂದೆ ನೀಲಿಯ ಕೆರೆ, ಮುಂದೆ ಅಚ್ಚುಕಟ್ಟಿನ ಗದ್ದೆತೋಟಗಳು, ಪಕ್ಕದ ದಿಣ್ಣೆಯ ಮೇಲೆ ಊರು. ಹೀಗೆ ಊರನ್ನು ದಿಣ್ಣೆಗೇರಿಸಿ ತಗ್ಗನ್ನು ಭತ್ತಕ್ಕೆ ಬಿಟ್ಟ ನಮ್ಮ ಹಿರಿಯರು ಯಾವ ಇಂಜಿನಿಯರಿಂಗ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವರಲ್ಲ! ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸಲ್ಲುತ್ತಿತ್ತು. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೊಮ್ಮಸಂದ್ರ, ಸಿಂಗಸಂದ್ರ ಎಂಬ ಹೆಸರುಗಳ ಬಾಲದಲ್ಲಿಯೂ ಕೆರೆಯನ್ನು ಹೇಳುವ 'ಸಮುದ್ರ'ವೇ ಅಡಗಿದೆ.

ಇಂದಿನ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅಚ್ಚುಕಟ್ಟು ಬಡಾವಣೆಯಾಗಿದೆ, ಕಾಲುವೆ ಮೋರಿಯಾಗಿದೆ. ನಗರದೊಳಗಿನ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಇವು ಕತ್ತಲಲ್ಲಿ ಬೇಲಿ ಸರಿಸಿದವರ ಕೆಲಸಗಳಲ್ಲ. ಒತ್ತುವರಿದಾರನನ್ನು ಮಾತ್ರ ದೂಷಿಸುವ ಅಧಿಕಾರಿವರ್ಗವು ಇದನ್ನು ನೆನೆಯುವುದು ಒಳ್ಳೆಯದು.

ಪರಕೀಯ ಸರಕಾರವು ಈ ಭೂಮಾಪನವನ್ನು ನಮ್ಮ ಹಿತಕ್ಕಾಗಿ ಆರಂಭಿಸಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಬಿದ್ದೊಡನೆಯೇ ಮೆಕೆಂಜಿಯು ಮೈಸೂರು ಸೀಮೆಯನ್ನು ಅಳೆಯತೊಡಗಿದ್ದು ಗೆದ್ದ ನೆಲವನ್ನು ಆಳುವುದಕ್ಕಾಗಿ. ಸ್ವರಾಜ್ಯ ಬಂದ ಬಳಿಕವೂ ಇಂಥ ನಕಾಶೆಗಳ ಮೇಲೆ ಬಹುಕಾಲ ನಿರ್ಬಂಧಗಳಿದ್ದವು. 2005ರ ನೀತಿಯಿಂದಲೂ 2021ರ ಮಾರ್ಗಸೂಚಿಗಳಿಂದಲೂ ಅವು ಸಡಿಲವಾಗಿವೆ. ಪ್ರಜೆಗಳು ಈ ಸೌಕರ್ಯವನ್ನು ಉಪಯೋಗಿಸಿಕೊಳ್ಳಬೇಕು.

ಈ ಹಾಳೆಯೊಂದರಿಂದಲೇ ಭೂಮಿಯ ಹಕ್ಕು ನಿರ್ಣಯವಾಗದು. ಗೋಮಾಳ, ಖರಾಬು, ಗುಂಡುತೋಪುಗಳ ಮೇರೆಗಳಿಗೆ ಗ್ರಾಮನಕಾಶೆಯನ್ನೂ ಸರ್ವೇ ನಂಬರಿನ ದಾಖಲೆಗಳನ್ನೂ ನೋಡತಕ್ಕದ್ದು. ಆದರೆ ನೀರಿನ ಹಾದಿಯ ವಿಷಯದಲ್ಲಿ ಇದರ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಬಡಾವಣೆಗೆ ಮಂಜೂರಾತಿ ಕೋರುವ ಪ್ರತಿಯೊಂದು ಅರ್ಜಿಗೂ ಆ ಸ್ಥಳದ ಹಳೆಯ ಹಾಳೆಯನ್ನು ಲಗತ್ತಿಸುವಂತೆಯೂ, ಅದನ್ನು ನೋಡಿದ್ದೇನೆಂದು ಮಂಜೂರು ಮಾಡುವ ಅಧಿಕಾರಿಯು ಹೆಸರು ಸಹಿತ ರುಜು ಹಾಕುವಂತೆಯೂ ಸರಕಾರವು ಕೂಡಲೇ ನಿಯಮ ಮಾಡಬೇಕು.