ಹಳೇ ಬೋಟಿನ ಟ್ಯಾಂಕ್ ಸೋರಿದರೆ ಹೊಣೆ ಯಾರದ್ದು?

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಈ ಅವಧಿಯಲ್ಲಿ ಮಂಜೇಶ್ವರ, ಕಾಸರಗೋಡು, ಮಡಕ್ಕರದ ಟ್ರಾಲ್ ಬೋಟುಗಳು ದಡ ಸೇರುತ್ತವೆ. ಬಲೆ, ಪೈಂಟ್, ಇಂಜಿನ್ ಎಂದು ರಿಪೇರಿ ಖರ್ಚು ಏರುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ ಇಂಧನ ಟ್ಯಾಂಕಿನ ಸರದಿ ಬರುವುದು ಕೊನೆಗೆ. ಅಷ್ಟರಲ್ಲಿ ಕೈಯಲ್ಲಿ ಕಾಸಿರುವುದಿಲ್ಲ.

2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ-3 ಹಡಗು ಮುಳುಗಿದಾಗ ತೈಲ ಸೋರಿಕೆ ದೇಶದ ಸುದ್ದಿಯಾಯಿತು. ಸಣ್ಣ ಬೋಟಿನಿಂದ ದಿನಾ ಹನಿಹನಿಯಾಗಿ ಸೋರುವ ಡೀಸೆಲ್ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅದರ ನಷ್ಟ ನೇರ ಮಾಲಕನ ಜೇಬಿಗೆ, ಅಪಾಯ ಬೋಟಿನಲ್ಲಿರುವವರ ಜೀವಕ್ಕೆ.

ತುಕ್ಕು ಹಿಡಿಯುವುದು ಒಳಗಿನಿಂದ

ಕಬ್ಬಿಣದ ಟ್ಯಾಂಕಿಗೆ ಹೊರಗಿನ ಉಪ್ಪುನೀರು ಮಾತ್ರ ಶತ್ರುವಲ್ಲ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವಾಂಶ ಹನಿಯಾಗುತ್ತದೆ. ನೀರಿಗಿಂತ ಡೀಸೆಲ್ ಹಗುರ, ಹಾಗಾಗಿ ಆ ನೀರು ತಳಕ್ಕಿಳಿದು ಅಲ್ಲೇ ನಿಂತು ಲೋಹವನ್ನು ತಿನ್ನುತ್ತದೆ. ಮೇಲಿನಿಂದ ನೋಡಿದರೆ ಟ್ಯಾಂಕ್ ಗಟ್ಟಿ, ತಳ ಮಾತ್ರ ಕಾಗದದಷ್ಟು ತೆಳು. ಬೆಸುಗೆಯ ಜಾಗ, ಕೆಳಗಿನ ಮೂಲೆ, ಪಟ್ಟಿ ಬಿಗಿದ ಕಡೆ ಮೊದಲು ತೂತಾಗುತ್ತದೆ.

ಮೊದಲ ಪರೀಕ್ಷೆಗೆ ದುಡ್ಡು ಬೇಡ. ಬೋಟು ಅಲುಗದಂತೆ ನಿಲ್ಲಿಸಿ, ವಾಲ್ವ್ ಬಂದ್ ಮಾಡಿ, ಕಡ್ಡಿಯಿಂದ ಇಂಧನದ ಮಟ್ಟ ಗುರುತು ಹಾಕಬೇಕು. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಬೇಕು, ಯಾಕೆಂದರೆ ಬಿಸಿಲಿಗೆ ಇಂಧನ ಹಿಗ್ಗುತ್ತದೆ. ಮಟ್ಟ ಇಳಿದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಪೈಪ್ ಜಾಯಿಂಟ್‌ಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಎಣ್ಣೆ ಪಸೆ ಗೊತ್ತಾಗುತ್ತದೆ. ಗಾಳಿ ತುಂಬಿ ಸಾಬೂನು ನೀರು ಹಚ್ಚುವ ಪರೀಕ್ಷೆ ಅನುಭವಿ ಮೆಕ್ಯಾನಿಕ್‌ನ ಕೆಲಸ. ಅದಕ್ಕೆ ತೀರಾ ಕಡಿಮೆ ಒತ್ತಡ ಸಾಕು. ಟಯರಿಗೆ ಗಾಳಿ ಹಾಕುವ ಹಾಗೆ ಹಾಕಿದರೆ ಹಳೇ ಟ್ಯಾಂಕ್ ಒಡೆದೇ ಹೋದೀತು.

ಖಾಲಿ ಟ್ಯಾಂಕಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸುವುದಂತೂ ಜೀವದ ಜೊತೆ ಆಟ. ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು.

ನಿಷೇಧದ ಹೊರಗಿರುವವರು

ಔಟ್‌ಬೋರ್ಡ್ ಇಂಜಿನಿನ ದೋಣಿಗಳಿಗೆ ಈ ನಿಷೇಧವಿಲ್ಲ, ಹಾಗಾಗಿ ರಿಪೇರಿಗೆಂದು ಬಿಡುವೂ ಇಲ್ಲ. ಸಬ್ಸಿಡಿ ಸೀಮೆಎಣ್ಣೆ ಕಡಿತವಾದ ಮೇಲೆ ಅವರಲ್ಲಿ ಹಲವರು ಪೆಟ್ರೋಲಿಗೆ ತಿರುಗಿದ್ದಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ಕೂತು, ಕಿಡಿ ಬಿದ್ದ ಕೂಡಲೇ ಹೊತ್ತಿಕೊಳ್ಳುತ್ತದೆ. ಇಂಧನ ಬದಲಾಯಿತು, ಟ್ಯಾಂಕ್ ಮತ್ತು ಪೈಪ್ ಹಳೆಯದೇ ಉಳಿದರೆ ಸರಕಾರದ ನೀತಿ ಅಪಾಯವನ್ನು ಬಡವನ ತಲೆಗೆ ದಾಟಿಸಿದಂತೆ.

ಲೈಸನ್ಸ್ ನವೀಕರಣದ ಹೊತ್ತಿಗೆ ದಂಡದ ಭಯ ಹುಟ್ಟಿಸಿದರೆ ಸೋರುವ ಟ್ಯಾಂಕನ್ನು ಮುಚ್ಚಿಡುವವರೇ ಹೆಚ್ಚಾಗುತ್ತಾರೆ. ಅದರ ಬದಲು ಬಂದರಿನಲ್ಲೇ ಉಚಿತ ಟ್ಯಾಂಕ್ ತಪಾಸಣೆ ನಡೆಸಿ, ಬದಲಿಸಲು ಸಹಾಯಧನ ಕೊಡುವುದು ಮೀನುಗಾರಿಕಾ ಇಲಾಖೆಗೆ ದೊಡ್ಡ ಖರ್ಚೇನಲ್ಲ. ಟ್ರಾಲ್ ಬೋಟುಗಳಿಗೆ ಆ 52 ದಿನ ಇದೆ. ದೋಣಿಯವರಿಗೆ ಒಂದು ದಿನದ ದುಡಿಮೆ ತಪ್ಪಿದರೂ ಒಲೆ ಉರಿಯುವುದು ಕಷ್ಟ. ತಪಾಸಣೆ ಅವರಿಂದಲೇ ಶುರುವಾಗಬೇಕು.